‘ಕೋಂ’ ಮುಂದಿನ ಹೆಸರು

ನಾನು ನಿವೃತ್ತನಾದ ದಿನ ಕೋರ್ಟಿನ ಪಡಸಾಲೆಯಲ್ಲಿ ಚೆಂಡು ಹೂವಿನ ಹಾರ ಹಾಕಿದರು. ಸಾಹೇಬರು ಎದ್ದು ನಿಂತು, ‘ಇವರ ಬರವಣಿಗೆಯಲ್ಲಿ ಹುಡುಕಿದರೂ ಒಂದು ತಪ್ಪು ಸಿಗುವುದಿಲ್ಲ’ ಎಂದು ಭಾಷಣ ಮಾಡಿದರು. ನಾನು ಕೈಮುಗಿದು ಕೂತೆ. ಅವರು ಹೇಳಿದ್ದು ಒಂದು ರೀತಿಯಿಂದ ಖರೆಯೇ. ಹುಡುಕಿದರೂ ಸಿಗುವುದಿಲ್ಲ. ಎಲ್ಲಿದೆ ಎಂದು ನನಗೊಬ್ಬನಿಗೇ ಗೊತ್ತು.

ಈಗ ಕೋರ್ಟಿನ ಕಾರಕೂನಿಕೆಗೆ ಹೊಸದಾಗಿ ಸೇರುವವರು ನನ್ನ ಮನೆಗೆ ಬಂದು, ‘ಕಾಕಾ, ಅನುಭವಸ್ಥರು ನೀವು, ಏನರೆ ನಾಕ ಮಾತ ಹೇಳ್ರಿ’ ಎನ್ನುತ್ತಾರೆ. ಅವರ ಸಲುವಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಯಾವ ಸಾಹೇಬರು ಬೆನ್ನು ಚಪ್ಪರಿಸಿದರು ಎಂಬುದನ್ನು ಬರೆದು ಯಾರಿಗೇನು ಉಪಯೋಗ? ಅದನ್ನು ಬಿಟ್ಟುಬಿಡುತ್ತೇನೆ.

ನನ್ನ ಊರು ಮಮದಾಪುರ. ಲಿಂಗವಂತರ ಒಕ್ಕಲುತನದ ಮನೆ. ಆಗಿನ ಕಾಲಕ್ಕೆ ನಮ್ಮ ಭಾಗದಲ್ಲಿ ಸರ್ಕಾರಿ ಕೆಲಸ ಬೇಕೆಂದರೆ ಮರಾಠಿ ಬರಬೇಕು, ಅದರ ಮೋಡಿ ಅಕ್ಷರ ಓದಲು ಬರಬೇಕು, ಒಂದಿಷ್ಟು ಇಂಗ್ಲಿಷ್ ಬೇಕು. ಕನ್ನಡ ಬರದಿದ್ದರೂ ನಡೆಯುತ್ತಿತ್ತು. ಸಾಕ್ಷಿ ಹೇಳುವವರು ಮಾತ್ರ ಕನ್ನಡದಲ್ಲೇ ಹೇಳುತ್ತಿದ್ದರು. ನ್ಯಾಯ ಹೇಳುವ ಸಾಹೇಬರು ಪುಣೆ ಕಡೆಯವರು, ಇಲ್ಲವೇ ಕರಾವಳಿಯವರು. ಸಾಕ್ಷಿಯ ಬಾಯಿಂದ ಸಾಹೇಬರ ಕಿವಿಗೆ ನಡುವೆ ಇದ್ದದ್ದು ನನ್ನಂಥ ಒಬ್ಬ ಕಾರಕೂನ. ನಾನು ಕನ್ನಡದಲ್ಲಿ ಜಬಾನಿ, ಅಂದರೆ ಸಾಕ್ಷಿಯ ಹೇಳಿಕೆ, ಬರೆದುಕೊಳ್ಳುವುದು, ಅದನ್ನೇ ಸಾಹೇಬರಿಗೆ ಇಂಗ್ಲಿಷಿನಲ್ಲಿ ತಿಳಿಸುವುದು. ಕೆಲವು ವರ್ಷ ಗೋಕಾಕ, ಕೆಲವು ವರ್ಷ ಹುಕ್ಕೇರಿ, ಹೀಗೆ ಹೊರಳಿ ಹೊರಳಿ ಇಡೀ ಜೀವಮಾನ ಇದನ್ನೇ ಮಾಡಿದೆ.

ಸರ್ಕಾರದ ಕಾಯದೆಯೇನೋ ನೋಡಲು ಚಂದವಿತ್ತು. ಆಯಾ ಜಾತಿ ಧರ್ಮದವರಿಗೆ ಅವರವರ ರೂಢಿ. ಅವರವರ ದೇವರ ಮೇಲೆ ಆಣೆ. ಯಾರ ಪದ್ಧತಿಗೂ ಕೈಹಾಕುವುದಿಲ್ಲ ಎಂದು ಬರೆದಿಟ್ಟಿದ್ದರು. ನಾನು ಅದನ್ನು ಓದಿ ಹಿಗ್ಗಿದವನು. ಆ ಹಿಗ್ಗು ಇಳಿದದ್ದು ಹೇಗೆಂದು ಹೇಳುತ್ತೇನೆ.

ಹುಕ್ಕೇರಿಯಲ್ಲಿದ್ದಾಗ ಸಂಕೇಶ್ವರದ ಒಬ್ಬ ಜೈನ ವ್ಯಾಪಾರಸ್ಥರು ಸಾಕ್ಷಿಗೆ ಬಂದಿದ್ದರು. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವವರಲ್ಲ. ಎದುರು ಪಕ್ಷದ ವಕೀಲನಿಗೆ ಇದು ಗೊತ್ತು. ಇಳಿಹೊತ್ತಿಗೆ ಅಡ್ಡಸವಾಲು ಶುರು ಮಾಡಿದವನು ಎಳೆದ ಎಳೆದ. ಸೇಠಜಿ ಕಿಟಕಿಯತ್ತ ನೋಡುವುದು, ಬಿಸಿಲು ಗೋಡೆ ಏರುವುದನ್ನು ನೋಡುವುದು. ಕೊನೆಗೆ ಕೈಮುಗಿದು, ‘ಸಾಹೇಬ್ರ, ಇವ್ರು ಏನ ಕೇಳತಾರೋ ಎಲ್ಲಾಕ್ಕೂ ಹೌದಂತ ಬರಕೋರಿ, ನನ್ನ ಬಿಡ್ರಿ’ ಎಂದರು. ನಾವೆಲ್ಲ ನಕ್ಕೆವು. ಸಾಹೇಬರು ಒಳ್ಳೆಯವರಿದ್ದರು, ಮರುದಿನ ಬೆಳಿಗ್ಗೆಗೆ ಹಾಕಿದರು. ಆ ವಕೀಲ ಹೊರಗೆ ಬಂದು ನನಗೆ ಹೇಳಿದ ಮಾತು ಈಗಲೂ ನೆನಪಿದೆ: ‘ಅವರವರ ಧರ್ಮ ಅವರವರ ಕುತ್ತಿಗೀಗೆ ಕಟ್ಟಿದ ಹಗ್ಗ ಇದ್ದಂಗ, ರಾಯರ. ಯಾವ ತುದಿ ಜಗ್ಗಬೇಕು ಅನ್ನೂದು ಗೊತ್ತಿರಬೇಕು, ಅಷ್ಟ.’

ಅದೇ ಹಗ್ಗವನ್ನು ಮೂಡಲಗಿ ಕಡೆಯ ಒಬ್ಬ ರೈತನಿಗೆ ಹಾಕಿದ್ದನ್ನೂ ಕಂಡಿದ್ದೇನೆ. ಒಂದು ಬಾವಿಯ ಪಾಲಿನ ಜಗಳ. ಎದುರು ಪಕ್ಷದವನು ಕೋರ್ಟಿನಲ್ಲಿ ನಿಂತು, ‘ಊರ ದೇವಿ ಮುಂದ ಭಂಡಾರ ಎತ್ತಿ, ಬಾವಿ ನಂದು ಅಂತ ಅಂವ ಆಣಿ ಮಾಡ್ಲಿ, ನಾ ಬಿಟ್ಟಕೊಡ್ತೇನಿ’ ಎಂದ. ಕಾಯದೆಯಲ್ಲಿ ಅದಕ್ಕೆ ಅವಕಾಶವಿತ್ತು. ಆಣೆ ಮಾಡಿದರೆ ಅದೇ ಕೊನೆಯ ಮಾತು, ಮಾಡದಿದ್ದರೆ ಅವನ ಮಾತಿಗೆ ಬೆಲೆ ಉಳಿಯುವುದಿಲ್ಲ. ಆಣೆ ಮಾಡಿಸಿ ಬರೆದು ತರಲು ನನ್ನನ್ನೇ ಕಳಿಸಿದರು. ರೈತ ಮಿಂದು ಬಂದು ಗುಡಿಯ ಮುಂದೆ ನಿಂತ. ಬಾವಿ ಅವನದೇ, ಊರಿಗೆಲ್ಲ ಗೊತ್ತು. ಅರಿಸಿಣದ ಭಂಡಾರಕ್ಕೆ ಕೈ ಚಾಚುವಾಗ ಅವನ ತಾಯಿ ಅಡ್ಡ ಬಂದಳು. ‘ಖರೆ ಇದ್ರೂ ಎತ್ತಬ್ಯಾಡೋ ಎಪ್ಪಾ. ಖರೆ ಆಣೀನೂ ಮನಿತನಕ್ಕ ತಟ್ಟತೈತಿ. ಬಾವಿ ಹೋದ್ರ ಹೋಗ್ಲಿ’ ಎಂದು ಕೈ ಹಿಡಿದಳು. ಅವನು ಕೈ ಹಿಂದೆಗೆದ. ಬಾವಿ ಹೋಯಿತು. ಸತ್ಯವಂತರ ಮನೆಯಲ್ಲಿ ಆಣೆಗೆ ಅಂಜುತ್ತಾರೆ ಎಂಬುದು ಎದುರಿನವನಿಗೆ ಮೊದಲೇ ಗೊತ್ತಿತ್ತು. ‘ಆಣೆ ಮಾಡಲು ನಿರಾಕರಿಸಿದ’ ಎಂದು ನಾನು ದುಂಡಗೆ ಬರೆದು ತಂದೆ.

ಇವೆರಡೂ ಬೇರೆಯವರು ಮಾಡಿದ ಮೋಸ. ನನ್ನದನ್ನು ಇನ್ನು ಹೇಳಬೇಕು.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂಬ ನಂಬಿಕೆ. ಸತ್ತ ಮೇಲೂ ಹೇಳುವುದಿಲ್ಲ, ಆಗ ಅದು ಮರ್ಯಾದೆಯ ಮಾತು. ಕೋರ್ಟಿನಲ್ಲಿ ಜಬಾನಿ ಹಾಳೆಯ ತಲೆಯ ಮೇಲೆ ಮೊದಲು ಬರೆಯುವುದೇ ಅದು. ಗಂಡಸಾದರೆ ಇಂಥವನು ಬಿನ್ ಇಂಥವನು, ಅಂದರೆ ಇಂಥವನ ಮಗ. ಹೆಂಗಸಾದರೆ ಇಂಥವಳು ಕೋಂ ಇಂಥವನು, ಅಂದರೆ ಇಂಥವನ ಹೆಂಡತಿ. ಆ ‘ಕೋಂ’ ಮುಂದಿನ ಹೆಸರು ಹೊರಡಿಸಲು ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ‘ಗಂಡನ ಹೆಸರೇನವಾ?’ ಎಂದರೆ ಒಬ್ಬಳು, ‘ಈಶ್ವರನ ಗುಡ್ಯಾಗ ಮುಂದ ಕುಂತಿರತೈತಲ್ಲರಿ, ಆ ದೇವರು’ ಎನ್ನುವಳು. ನಾನು ಬಸಪ್ಪ ಎಂದು ಬರೆದುಕೊಳ್ಳಬೇಕು. ಇನ್ನೊಬ್ಬಳು, ‘ಸಂತಿ ಮರದಿನ ಬರೂ ವಾರ’ ಎನ್ನುವಳು. ಅವಳ ಊರಿನ ಸಂತೆ ಯಾವ ದಿನ ಎಂದು ಪಟ್ಟೇವಾಲಾ ಜವಾನನನ್ನು ಕೇಳಿ, ರವಿವಾರ ಎಂದು ಗೊತ್ತಾದ ಮೇಲೆ ಸೋಮಪ್ಪ ಎಂದು ಬರೆಯಬೇಕು.

ಒಮ್ಮೆ ಒಬ್ಬ ಗಟ್ಟಿಗಿತ್ತಿ ಬಂದಳು. ಮದುವೆಯಲ್ಲಿ ಹೆಸರು ಹೇಳುವಂತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಒಡಪು ಹಾಕಿಯೇಬಿಟ್ಟಳು:

‘ಹಿತ್ತಲ ಹೀರಿಬಳ್ಳಿ, ಹಂದರ ತುಂಬ ಹೂವ,
ಕೋರ್ಟಿನಾಗ ಹೇಳತೇನಿ ಚನ್ನಪ್ಪ ನಮ್ಮವರ ನಾಂವ!’

ಕೋರ್ಟೆಲ್ಲ ಗೊಳ್ಳೆಂದು ನಕ್ಕಿತು. ಆಗ ಇದ್ದ ಸಾಹೇಬರು ಹೊಸಬರು. ಕನ್ನಡ ಅವರಿಗೆ ಅಷ್ಟಕ್ಕಷ್ಟೆ. ತಮ್ಮನ್ನೇ ಗೇಲಿ ಮಾಡಿದರೆಂದು ತಿಳಿದು ಕೆಂಪಾದರು. ಅವಳನ್ನು ಗದರಿಸಿದರು. ನನ್ನ ಕಡೆ ತಿರುಗಿ, ಇನ್ನು ಮೇಲೆ ಈ ಬಯಲಾಟ ನನ್ನ ಕೋರ್ಟಿನಲ್ಲಿ ನಡೆದರೆ ನಿನಗೆ ಕೆಲಸವಿಲ್ಲ ಎಂದರು. ಆ ಹೆಣ್ಣುಮಗಳ ಮುಖ ಸಣ್ಣಗಾಯಿತು. ನನಗೆ ಕೆಡುಕೆನಿಸಿತು.

ಅಂದು ನಾನೊಂದು ಉಪಾಯ ಮಾಡಿದೆ. ದಾವೆಯ ಕಾಗದದಲ್ಲಿ ಹೆಸರು ಇದ್ದೇ ಇರುತ್ತದಲ್ಲ? ಅದರ ಮೇಲೆ ಬೆರಳಿಟ್ಟು, ‘ಇಲ್ಲಿ ಬರದೈತಲ್ಲವಾ, ಅದ ಹೌದಲ್ಲ?’ ಎನ್ನುವುದು. ಅವಳು ಗೋಣು ಹಾಕುವುದು. ನಾನು ಬರೆದುಕೊಳ್ಳುವುದು. ಹೆಸರನ್ನು ಅವಳೂ ಹೇಳುವುದಿಲ್ಲ, ಅವಳೆದುರು ನಾನೂ ಹೇಳುವುದಿಲ್ಲ. ಸಾಹೇಬರ ಸಮಯವೂ ಉಳಿಯಿತು, ಹೆಂಗಸರ ಮಾನವೂ ಉಳಿಯಿತು. ಶಿರಸ್ತೇದಾರ ರಾಯರು, ‘ಭಾರೀ ಶಾಣ್ಯಾ ಇದ್ದೀಯಪಾ’ ಎಂದು ಹೊಗಳಿದರು. ನನಗೂ ಕೋಡು ಮೂಡಿತು.

ಓದು ಬರಹ ಬಾರದವಳ ಮುಂದೆ ಅಕ್ಷರದ ಮೇಲೆ ಬೆರಳಿಟ್ಟರೆ ಅವಳಿಗೇನು ಕಾಣುತ್ತದೆ ಎಂದು ನನಗೆ ಹೊಳೆಯಲಿಲ್ಲ. ಇಷ್ಟು ವರ್ಷದ ಮೇಲೂ ಇದನ್ನು ಬರೆಯುವಾಗ ನನ್ನ ಕೈಯನ್ನೇ ಕಚ್ಚಿಕೊಳ್ಳಬೇಕೆನಿಸುತ್ತದೆ.

ಜರ್ಮನ್ ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಗೌರವ್ವನ ಖಟ್ಲೆ ಬಂತು. ಯಾವ ಕೋರ್ಟು, ಅವಳದು ಯಾವ ಹಳ್ಳಿ ಎಂದು ಹೇಳುವುದಿಲ್ಲ. ವಕೀಲರ ಹೆಸರೂ ಹೇಳುವುದಿಲ್ಲ. ಆಕೆಯ ಹೆಸರನ್ನು ಮಾತ್ರ ಮುಚ್ಚುವುದಿಲ್ಲ.

ಗೌರವ್ವನ ಮೊದಲ ಗಂಡ ಮಲ್ಲಪ್ಪ. ಮದುವೆಯಾಗಿ ಎರಡು ವರ್ಷಕ್ಕೆ ಪ್ಲೇಗಿನಲ್ಲಿ ತೀರಿಕೊಂಡ. ಆಮೇಲೆ ಅವಳು ಪಕ್ಕದೂರಿನ ಸಂಗಪ್ಪನಿಗೆ ಉಡಿಕಿಯಾದಳು. ಉಡಿಕಿ ಎಂದರೆ ನಮ್ಮಲ್ಲಿ ಗಂಡ ಸತ್ತವಳು ಇನ್ನೊಬ್ಬನ ಕೈಹಿಡಿಯುವ ರೂಢಿ. ಅದರಲ್ಲಿ ವಾಲಗವಿಲ್ಲ, ಹಂದರವಿಲ್ಲ, ಮುತ್ತೈದೆಯರು ಬರುವಂತಿಲ್ಲ. ಅಯ್ಯನವರೊಬ್ಬರು, ಇಬ್ಬರೋ ಮೂವರೋ ಹಿರಿಯರು. ಹೊಸ ಸೀರೆ ಉಡಿಸುತ್ತಾರೆ, ಬಳೆ ಇಡಿಸುತ್ತಾರೆ, ಅಷ್ಟೆ. ಆದರೆ ಊರು ಒಪ್ಪುತ್ತದೆ, ಮಠ ಒಪ್ಪುತ್ತದೆ, ಕಾಯದೆಯೂ ಒಪ್ಪುತ್ತದೆ. ನನ್ನ ಸ್ವಂತ ಚಿಗವ್ವ ಉಡಿಕಿಯಾದವಳು. ಅವಳ ಕೈತುತ್ತು ತಿಂದು ಬೆಳೆದವನು ನಾನು.

ಉಡಿಕಿಯಾದ ಮೇಲೆ ಮೊದಲ ಗಂಡನ ಹೊಲದ ಮೇಲೆ ಹಕ್ಕಿಲ್ಲ ಎಂಬುದೂ ಕಾಯದೆಯೇ. ಮಲ್ಲಪ್ಪನ ಅಣ್ಣತಮ್ಮಂದಿರು ಹೊಲ ಇಟ್ಟುಕೊಂಡರು. ಗೌರವ್ವ ತಕರಾರು ಮಾಡಲಿಲ್ಲ. ‘ಅವರ ಮನಿ ಬಿಟ್ಟ ಬಂದೆ, ಅವರ ಹೊಲ ನನಗ್ಯಾಕ’ ಎಂದು ಸುಮ್ಮನಾದಳು. ಹನ್ನೊಂದು ವರ್ಷ ಸಂಗಪ್ಪನ ಸಂಗಡ ಬಾಳಿದಳು. ಮಕ್ಕಳಾಗಲಿಲ್ಲ. ಒಂದು ದಿನ ಅವನು ನೀರೆತ್ತುವ ಹಗ್ಗ ಸರಿಮಾಡಲು ಹೋಗಿ ಬಾವಿಗೆ ಬಿದ್ದು ಸತ್ತ. ವರ್ಷ ತುಂಬುವುದರೊಳಗೆ ಅವನ ಅಣ್ಣ ದಾವೆ ಹಾಕಿದ: ಇವಳು ನನ್ನ ತಮ್ಮನ ಹೆಂಡತಿಯಲ್ಲ, ಇಟ್ಟುಕೊಂಡವಳು, ಮನೆ ಬಿಡಿಸಿ ಕೊಡಬೇಕು. ದಾವೆಯ ತಲೆಯ ಮೇಲೆ ಅವಳ ಹೆಸರನ್ನು ‘ಗೌರವ್ವ ಕೋಂ ಮಲ್ಲಪ್ಪ’ ಎಂದೇ ಬರೆಸಿದ್ದ. ಹನ್ನೊಂದು ವರ್ಷಕ್ಕೂ ಹಿಂದೆ ಸತ್ತವನಿಗೆ ಅವಳನ್ನು ತಿರುಗಿ ಕಟ್ಟಿದ್ದ.

ಗೌರವ್ವ ಸಾಕ್ಷಿಯ ಕಟಕಟೆಗೆ ಬಂದ ದಿನ ನಾನು ಎಂದಿನಂತೆ ದಾವೆಯ ಕಾಗದದ ಮೇಲೆ ಬೆರಳಿಟ್ಟೆ. ‘ಇಲ್ಲಿ ಬರದೈತಲ್ಲವಾ, ಅದ ಹೌದಲ್ಲ?’ ಅವಳು ನೆಲ ನೋಡುತ್ತಿದ್ದಳು. ಗೋಣು ಹಾಕಿದಳು. ನಾನು ಬರೆದೆ, ಕೋಂ ಮಲ್ಲಪ್ಪ. ಬರೆಯುವಾಗ ಕೈ ಓಡಿತೇ ಹೊರತು ತಲೆ ಓಡಲಿಲ್ಲ.

ಅವಳ ವಕೀಲ ಕೇಳಿದ, ‘ಸಂಗಪ್ಪ ನಿನಗ ಏನಾಗಬೇಕು?’

‘ನಮ್ಮ ಮನಿಯವರ್ರಿ’ ಎಂದಳು.

ನಮ್ಮಲ್ಲಿ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ, ಮನಿಯವರು ಎಂದರೆ ಗಂಡ. ನಾನು ಸಾಹೇಬರಿಗೆ ಬಿಡಿಸಿ ಹೇಳುವ ಮೊದಲೇ ಅವರು ತಮಗೆ ತಿಳಿಯಿತೆಂದು ಕೈಯೆತ್ತಿದರು. ‘ನಮ್ಮ ಮನೆಯಲ್ಲಿದ್ದವರು’ ಎಂಬ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಂಡರು. ನಾನು ಬಾಯಿ ತೆರೆದೆ. ಅವರು ಮುಂದಿನ ಪ್ರಶ್ನೆ ಎಂದರು. ನಾನು ಬಾಯಿ ಮುಚ್ಚಿದೆ.

ಜಬಾನಿ ಮುಗಿದ ಮೇಲೆ ಓದಿ ಹೇಳಬೇಕು. ನಾನು ಓದಿದೆ. ತಲೆಯ ಮೇಲಿನ ಹೆಸರು, ಊರು, ವಯಸ್ಸು ಯಾರೂ ಓದುತ್ತಿರಲಿಲ್ಲ, ನಾನೂ ಓದಲಿಲ್ಲ. ಅವಳು ಹೆಬ್ಬೆಟ್ಟು ಒತ್ತಿದಳು. ‘ಓದಿ ಹೇಳಿದೆ, ಸರಿ ಎಂದು ಒಪ್ಪಿದಳು’ ಎಂದು ಕೆಳಗೆ ನಾನು ಸಹಿ ಮಾಡಿದೆ.

ಎದುರು ವಕೀಲ ಹೆಸರಿನ ಮಾತೇ ತೆಗೆಯಲಿಲ್ಲ. ಬೆಕ್ಕು ಹಾಲಿನ ಗಡಿಗೆ ಕಂಡು ಸುಮ್ಮನೆ ಕೂತಂತೆ ಕೂತಿದ್ದ. ಕೊನೆಯ ವಾದದ ದಿನ ಎದ್ದು ನಿಂತು ಹಾಳೆಯನ್ನು ಎತ್ತಿ ಹಿಡಿದ. ‘ಸ್ವಾಮಿ, ಉಡಿಕಿ ಮಾಡಿಸಿದ ಅಯ್ಯನವರು ಸತ್ತಿದ್ದಾರೆ. ಉಳಿದ ಸಾಕ್ಷಿಗಳು ಅವಳ ತವರಿನವರು. ಅದೆಲ್ಲ ಇರಲಿ. ಈಕೆ ದೇವರ ಮೇಲೆ ಪ್ರಮಾಣ ಮಾಡಿ, ತಾನು ಮಲ್ಲಪ್ಪನ ಹೆಂಡತಿ ಎಂದು ತನ್ನ ಬಾಯಿಂದಲೇ ಹೇಳಿದ್ದಾಳಲ್ಲ?’

ಗೌರವ್ವ ಹಿಂದಿನ ಬಾಕಿನಲ್ಲಿ ಕೂತಿದ್ದಳು. ಅವನು ಮಾತಾಡಿದ್ದು ಇಂಗ್ಲಿಷಿನಲ್ಲಿ. ಅವಳಿಗೆ ಮಲ್ಲಪ್ಪ ಎಂಬ ಶಬ್ದ ಒಂದೇ ತಿಳಿದಿರಬೇಕು, ಯಾಕೆಂದರೆ ಥಟ್ಟನೆ ತಲೆ ಎತ್ತಿ ನನ್ನ ಕಡೆ ನೋಡಿದಳು. ಅವಳ ವಕೀಲ ಕಾಗದ ತಿರುವಿ ತಿರುವಿ ಬೆವರು ಒರೆಸಿಕೊಂಡ. ಅವನಿಗೂ ಆಗಲೇ ಗೊತ್ತಾದದ್ದು.

ಮಧ್ಯಾಹ್ನದ ಬಿಡುವಿನಲ್ಲಿ ಶಿರಸ್ತೇದಾರ ರಾಯರ ಹತ್ತಿರ ಓಡಿದೆ. ಆದದ್ದನ್ನೆಲ್ಲ ಹೇಳಿದೆ. ‘ಸಾಹೇಬರಿಗೆ ತಿಳಸ್ತೇನ್ರಿ. ಆಕಿ ಹೇಳಿಲ್ಲ, ನಾ ಬರಕೊಂಡೇನಿ ಅಂತೇನಿ’ ಎಂದೆ.

ರಾಯರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. ‘ತಲಿ ಕೆಟ್ಟದೇನು ನಿನಗ? ಓದಿ ಹೇಳೀನಿ, ಒಪ್ಪ್ಯಾಳ ಅಂತ ಸಹಿ ಯಾರದದ?’

‘ನಂದರಿ.’

‘ಆ ಸಹಿ ಸುಳ್ಳು ಅಂತ ನೀನ ಬರದ ಕೊಡ್ತಿ? ಇಂದ ಈ ಜಬಾನಿ ಸುಳ್ಳಾತು ಅಂದ್ರ, ನಾಳೆ ನೀ ಬರದ ಎಲ್ಲಾ ಜಬಾನಿ ಸುಳ್ಳು ಅಂತ ವಕೀಲರು ಸಾಲು ಹಚ್ಚತಾರ. ನೀ ಮನೀಗೆ ಹೋಗ್ತಿ, ನಿನ್ನ ಹಿಂದ ನಾ. ಸುಮ್ಮನ ಕೂಡು. ಅಪೀಲಿನ್ಯಾಗ ನೋಡ್ಕೋತಾರ.’

ನಾನು ಸುಮ್ಮನೆ ಕೂತೆ. ಮನೆಯಲ್ಲಿ ಮೂರು ಮಕ್ಕಳು ಎಂದುಕೊಂಡೆ. ನೆಪಕ್ಕೇನು ಬರವೇ? ಖರೆ ಹೇಳಬೇಕೆಂದರೆ ಅಂಜಿದೆ. ಮರ್ಯಾದೆಗೆ ಅಂಜಿದೆ, ಕುರ್ಚಿಗೆ ಅಂಜಿದೆ. ಸಂಜೆ ಸಾಹೇಬರು ಕರೆದು, ‘ನೀನು ಇದೇ ಜನದವನಲ್ಲವೇ, ಈ ಉಡಿಕಿಗೆ ಅಗ್ನಿ ಇಲ್ಲ, ಸಪ್ತಪದಿ ಇಲ್ಲ, ಇದು ಮದುವೆ ಹೇಗೆ?’ ಎಂದು ಕೇಳಿದರು. ದೇವರೇ ಕೊಟ್ಟ ಸಂದರ್ಭ ಅದು. ‘ಹಳ್ಳಿ ರೂಢಿ ಸಾಹೇಬರೇ’ ಎಂದಷ್ಟೇ ಹೇಳಿ ಹೊರಗೆ ಬಂದೆ. ಬಾಯಿಗೆ ಬಂದಿದ್ದ ಚಿಗವ್ವನ ಹೆಸರನ್ನು ನುಂಗಿಕೊಂಡೆ.

ತೀರ್ಪು ಬಂತು. ರೂಢಿಯನ್ನು ಕೋರ್ಟು ಗೌರವಿಸುತ್ತದೆ ಎಂದು ಮೊದಲ ಪುಟದಲ್ಲಿತ್ತು. ಆದರೆ ಈಕೆ ರೂಢಿಯಂತೆ ಲಗ್ನವಾದದ್ದು ರುಜುವಾತಾಗಿಲ್ಲ, ಆಕೆಯೇ ತಾನು ಮಲ್ಲಪ್ಪನ ಹೆಂಡತಿ ಎಂದು ಪ್ರಮಾಣಪೂರ್ವಕ ಹೇಳಿದ್ದಾಳೆ, ಮನೆ ಬಿಡಬೇಕು. ಮರೆಯಲ್ಲಿ ಮಾಡಬೇಕೆಂದು ರೂಢಿಯೇ ಹೇಳುವ ಮದುವೆಗೆ ಬೆಳಕಿನ ಸಾಕ್ಷಿ ತಾ ಎಂದರೆ ಎಲ್ಲಿಂದ ತರಬೇಕು? ಉಡಿಕಿಯಾದಳೆಂದು ಆ ಹೊಲ ಹೋಯಿತು, ಉಡಿಕಿಯಾಗಿಲ್ಲವೆಂದು ಈ ಮನೆ ಹೋಯಿತು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎನ್ನುತ್ತಾರೆ. ಅಪೀಲಿಗೆ ಅವಳ ತವರಿನವರಿಗೆ ತ್ರಾಣವಿರಲಿಲ್ಲ. ನೋಡಿಕೊಳ್ಳುವವರು ಯಾರೂ ನೋಡಿಕೊಳ್ಳಲಿಲ್ಲ.

ಆಮೇಲೆ ಒಂದು ವಾರಕ್ಕೆ ಗೌರವ್ವ ತೀರ್ಪಿನ ನಕಲು ಒಯ್ಯಲು ಒಬ್ಬಳೇ ಬಂದಳು. ಪಡಸಾಲೆಯಲ್ಲಿ ನನ್ನ ಮೇಜಿನ ಮುಂದೆ ನಿಂತು, ‘ಏನ ಬರದಾರ, ಓದಿ ಹೇಳ್ರಿ ಯಪ್ಪಾ’ ಎಂದಳು. ಈ ಸಲ ಒಂದಕ್ಷರ ಬಿಡದೆ ಕನ್ನಡದಲ್ಲಿ ತಿಳಿಸಿ ಓದಿದೆ. ಆಕೆಯೇ ಹೇಳಿದ್ದಾಳೆ ಎಂಬಲ್ಲಿಗೆ ಬಂದಾಗ ಕೈಯೆತ್ತಿ ತಡೆದಳು.

‘ನಾ ಯಾವಾಗ ಹೇಳಿದೆನ್ರಿ?’

ನಾನು ನಕಲನ್ನು ಮೇಜಿನ ಮೇಲಿಟ್ಟೆ.

‘ನೀವು ಕಾಗದದ ಮ್ಯಾಲ ಬಟ್ಟ ಇಟ್ರಿ. ನಾ ಗೋಣ ಹಾಕಿದೆ. ನಮ್ಮವರ ಹೆಸರ ಬರದೀರಿ ಅಂತ ತಿಳದೆ. ನೀವು ಓದಿದವರು, ನಮ್ಮವರೊಳಗಿನವರು, ತಪ್ಪ ತೋರಸ್ತೀರೇನು ಅಂತ ತಿಳದೆ.’

‘ತಪ್ಪಾತವಾ’ ಎಂದೆ. ಅಷ್ಟು ಮಾತ್ರ ಹೊರಟಿತು, ಅದೂ ಸುತ್ತಲಿನವರಿಗೆ ಕೇಳಿಸದಂತೆ.

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

‘ಹಂಗಾರ ಅವರು ನನಗ ಏನೂ ಆಗಬೇಕಾಗಿಲ್ಲ ಅಂತ ಸರ್ಕಾರದ ಮಾತು, ಹೌದಲ್ರಿ?’

‘ಹೌದವಾ.’

‘ಪರ ಗಂಡಸಿನ ಹೆಸರ ತಗೊಂಡ್ರ ದೋಷ ಇಲ್ಲಲ್ರಿ?’

ನನಗೆ ತಿಳಿಯಿತು. ಬೇಡವ್ವಾ ಎನ್ನಬೇಕೆಂದೆ.

‘ಹನ್ನೊಂದ ವರ್ಷ ಬಾಳೇ ಮಾಡೇನ್ರಿ. ಬಾವ್ಯಾಗ ಬಿದ್ದಾಗೂ ಹೆಸರ ಹಿಡದ ಕೂಗಲಿಲ್ಲ. ದಂಡಿ ಮ್ಯಾಲ ನಿಂತ, ಏ ಇಲ್ಲೆ ನೋಡ್ರಿ, ಹಗ್ಗ ಹಿಡೀರಿ, ಅಂತ ಬಡಕೊಂಡೆ. ಹೆಸರ ಹಿಡದ ಕರದಿದ್ರ ಕೇಳತಿತ್ತೋ ಏನೋ. ಆಗೂ ತಗೀಲಿಲ್ಲರಿ ನಾ.’ ಸೆರಗು ಸರಿಮಾಡಿಕೊಂಡಳು. ಆಮೇಲೆ ಪಡಸಾಲೆಯ ಜನರೆಲ್ಲ ತಿರುಗಿ ನೋಡುವಂತೆ ಗಟ್ಟಿಯಾಗಿ ಹೇಳಿದಳು. ‘ಸಂಗಪ್ಪ. ನಮ್ಮವರ ಹೆಸರ ಸಂಗಪ್ಪ. ಈಗ ಬರಕೋರಿ.’

ನಕಲನ್ನು ಮೇಜಿನ ಮೇಲೆಯೇ ಬಿಟ್ಟು ಇಳಿದು ಹೋದಳು. ನನ್ನ ಕೈಯಲ್ಲಿ ಲೇಖನಿಯಿತ್ತು, ಮುಂದೆ ಮಸಿಯಿತ್ತು. ನಾನು ಬರೆಯಲಿಲ್ಲ. ತವರಿನಲ್ಲಿ ಎರಡು ವರ್ಷ ಕೂಲಿ ಮಾಡಿ ತೀರಿಕೊಂಡಳೆಂದು ಆಮೇಲೆ ಕೇಳಿದೆ.

ತಮ್ಮಂದಿರೇ, ಈಗ ಕೋರ್ಟಿನಲ್ಲಿ ಕನ್ನಡ ಹೆಚ್ಚಾಗಿದೆ, ಟೈಪು ಮಾಡುವ ಯಂತ್ರ ಬಂದಿದೆ, ಮೋಡಿ ಓದುವ ಕಷ್ಟ ತಪ್ಪಿದೆ. ನೀವು ನನಗಿಂತ ಶಾಣ್ಯರು. ನಾನು ಹೇಳುವುದು ಒಂದೇ. ಜನರ ರೂಢಿಗೆ ಮರ್ಯಾದೆ ಕೊಡುತ್ತೇನೆಂದು ಅವರ ಬಾಯಿಗೆ ಬದಲಾಗಿ ನಿಮ್ಮ ಬೆರಳನ್ನು ಇಡಬೇಡಿ. ಒಡಪು ಹೇಳಿದರೆ ಹೇಳಲಿ. ನಗುವವರು ನಗಲಿ. ಸಾಹೇಬರು ಕೆಂಪಾದರೆ ಆಗಲಿ. ಹಾಳೆಯನ್ನು ತಲೆಯಿಂದ ಓದಿ.

ಆ ಜಬಾನಿ ಇನ್ನೂ ಯಾವುದೋ ದಪ್ತರಿನಲ್ಲಿ ಗಂಟು ಕಟ್ಟಿಕೊಂಡು ಬಿದ್ದಿರಬೇಕು. ಅದನ್ನು ತಿದ್ದಿಸುವ ಅವಕಾಶ ನನಗೆ ಆಗ ಇತ್ತು, ಈಗ ಇಲ್ಲ. ಈ ಹಾಳೆ ಮಾತ್ರ ನನ್ನದು. ಅವಳು ಬರಕೋರಿ ಎಂದದ್ದನ್ನು ಇಲ್ಲಿ ಬರೆಯುತ್ತೇನೆ.

ಗೌರವ್ವ ಕೋಂ ಸಂಗಪ್ಪ.

ಓದಿ ಹೇಳಿ ಒಪ್ಪಿಸಿಕೊಳ್ಳಲು ಅವಳಿಲ್ಲ. ಅದಕ್ಕೆ ಕೆಳಗೆ ಸಹಿ ಮಾಡಿಲ್ಲ.